ಪಿಯರಿಂಗ್ ಸಂಪರ್ಕಗಳಲ್ಲಿ ಜಂಬೊ ಫ್ರೇಮ್ ಬಳಕೆ: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಎರಡು ಅಂತರಜಾಲ ಸೇವಾ ಸಂಸ್ಥೆಗಳು ಮೂರನೆಯ ಸಂಸ್ಥೆಯನ್ನು ಅವಲಂಬಿಸದೆ ದತ್ತಾಂಶವನ್ನು ನೇರವಾಗಿ ವಿನಿಮಯ ಮಾಡಿಕೊಳ್ಳುವ ವ್ಯವಸ್ಥೆಯೇ ಪಿಯರಿಂಗ್. ಭಾರತದಲ್ಲಿ ಈ ಉದ್ದೇಶಕ್ಕಾಗಿ ನಿಕ್ಸಿ ಸಂಸ್ಥೆಯು 2003ರಲ್ಲಿ ಸ್ಥಾಪನೆಯಾಯಿತು. ವಿನಿಮಯ ಕೇಂದ್ರದ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರು ಜಂಬೊ ಫ್ರೇಮ್ ಬಳಸಬೇಕೇ ಎಂಬುದನ್ನು ಮುಂಚಿತವಾಗಿಯೇ ತೀರ್ಮಾನಿಸಿಕೊಳ್ಳತಕ್ಕದ್ದು.

ಜಂಬೊ ಫ್ರೇಮ್ ಎಂದರೇನು?

ಈಥರ್ನೆಟ್ ಜಾಲದಲ್ಲಿ ದತ್ತಾಂಶವು ಫ್ರೇಮ್‌ಗಳಾಗಿ ವಿಭಜನೆಗೊಂಡು ಸಾಗುತ್ತದೆ. ಒಂದು ಫ್ರೇಮ್ ಹೊರಬಲ್ಲ ಗರಿಷ್ಠ ದತ್ತಾಂಶವನ್ನು ಎಂ.ಟಿ.ಯು. ಎನ್ನುತ್ತಾರೆ. ಇದರ ಪ್ರಮಾಣಿತ ಮಿತಿ 1500 ಬೈಟ್. ಇದಕ್ಕಿಂತ ಹೆಚ್ಚು, ಸಾಮಾನ್ಯವಾಗಿ 9000 ಬೈಟ್ ಹೊರುವ ಫ್ರೇಮ್‌ಗೆ ಜಂಬೊ ಫ್ರೇಮ್ ಎಂದು ಹೆಸರು. ಈಥರ್ನೆಟ್ ಮಾನಕವು ಇದರ ಗಾತ್ರವನ್ನು ನಿಗದಿಪಡಿಸಿಲ್ಲವಾದುದರಿಂದ ಉಪಕರಣಗಳ ಮಿತಿಗಳು ಭಿನ್ನವಾಗಿರುತ್ತವೆ.

ಪ್ರಯೋಜನ

10 ಗಿಗಾಬಿಟ್ ಸಂಪರ್ಕವು ಪೂರ್ಣವಾಗಿ ಬಳಕೆಯಾಗುವಾಗ 1500 ಬೈಟ್ ಮಿತಿಯಲ್ಲಿ ಸೆಕೆಂಡಿಗೆ ಸುಮಾರು 8.13 ಲಕ್ಷ ಫ್ರೇಮ್‌ಗಳು ಸಾಗುತ್ತವೆ. 9000 ಬೈಟ್ ಮಿತಿಯಲ್ಲಿ ಸುಮಾರು 1.38 ಲಕ್ಷ ಮಾತ್ರ. ಇದರಿಂದ ಉಪಕರಣಗಳ ಹೊರೆ ತಗ್ಗುತ್ತದೆ. ಆದರೆ ಉಪಯುಕ್ತ ದತ್ತಾಂಶದ ಪಾಲು ಹೆಚ್ಚುವುದು ಶೇ. 95ರಿಂದ ಶೇ. 99ಕ್ಕೆ ಮಾತ್ರ. ಚಂದಾದಾರರ ಗಣಕಯಂತ್ರಗಳು ಸಾಮಾನ್ಯವಾಗಿ 1500 ಬೈಟ್ ಮೀರದ ಪ್ಯಾಕೆಟ್‌ಗಳನ್ನೇ ಕಳುಹಿಸುತ್ತವೆ. ಮಧ್ಯದ ಮಿತಿಯನ್ನು ಹೆಚ್ಚಿಸಿದ ಮಾತ್ರಕ್ಕೆ ಅವು ದೊಡ್ಡದಾಗುವುದಿಲ್ಲ.

ಸಂಭವನೀಯ ತೊಂದರೆಗಳು

ಮಿತಿ ಮೀರಿದ ಫ್ರೇಮ್ ಅನ್ನು ಸ್ವಿಚ್ ತಿರಸ್ಕರಿಸುತ್ತದೆ. ಕಳುಹಿಸಿದವರಿಗೆ ಯಾವ ಸೂಚನೆಯನ್ನೂ ನೀಡುವುದಿಲ್ಲ. ಆದುದರಿಂದ ಸಣ್ಣ ಪ್ಯಾಕೆಟ್‌ನ ಪಿಂಗ್ ಪರೀಕ್ಷೆ ಯಶಸ್ವಿಯಾದರೂ ದೊಡ್ಡ ಕಡತದ ವರ್ಗಾವಣೆ ಅರ್ಧಕ್ಕೇ ನಿಲ್ಲಬಹುದು. ಮಾರ್ಗಗಳ ಮಾಹಿತಿ ವಿನಿಮಯ ಮಾಡುವ ಬಿ.ಜಿ.ಪಿ. ಸಂಪರ್ಕವು ಸಣ್ಣ ಸಂದೇಶಗಳಿಂದ ಆರಂಭವಾಗಿ, ದೊಡ್ಡ ಸಂದೇಶಗಳು ಹೊರಟ ಕೂಡಲೇ ಕಡಿದು ಬೀಳಬಹುದು. ಇಂತಹ ದೋಷವು ಪುನರಾವರ್ತನೆಯಾಗುತ್ತಿದ್ದರೆ ಆ ಮಾರ್ಗವನ್ನು ಅವಲಂಬಿಸಿದ ಎಲ್ಲ ಚಂದಾದಾರರ ಸೇವೆಗೂ ಬಾಧಕವಾಗುತ್ತದೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಹಲವು ಸದಸ್ಯರು ಹಂಚಿಕೊಂಡಿರುವ ಸಾಮಾನ್ಯ ಪಿಯರಿಂಗ್ ಜಾಲದಲ್ಲಿ ವಿನಿಮಯ ಕೇಂದ್ರವು ಗೊತ್ತುಪಡಿಸಿದ ಎಂ.ಟಿ.ಯು. ಅನ್ನೇ ಅಳವಡಿಸತಕ್ಕದ್ದು. ಒಬ್ಬ ಸದಸ್ಯರು ಏಕಪಕ್ಷೀಯವಾಗಿ ಮಿತಿಯನ್ನು ಬದಲಾಯಿಸಬಾರದು.

2. ಸಂಶೋಧನಾ ಸಂಸ್ಥೆಗಳು, ದತ್ತಾಂಶ ಕೇಂದ್ರಗಳು ಮುಂತಾಗಿ ಎರಡೂ ತುದಿಗಳಲ್ಲಿ ದೊಡ್ಡ ಪ್ಯಾಕೆಟ್ ಬಳಸುವವರು ಖಾಸಗಿ ನೇರ ಸಂಪರ್ಕದಲ್ಲಿ ಜಂಬೊ ಫ್ರೇಮ್ ಅಳವಡಿಸಿಕೊಳ್ಳಬಹುದು. ಉಭಯ ಪಕ್ಷಗಳು ಮಿತಿಯನ್ನು ಲಿಖಿತವಾಗಿ ಒಪ್ಪಿಕೊಳ್ಳುವುದು ಸೂಕ್ತ.

3. ಮಧ್ಯದ ಪ್ರತಿಯೊಂದು ಸ್ವಿಚ್ ಹಾಗೂ ರೂಟರ್ ಆ ಮಿತಿಯನ್ನು ಬೆಂಬಲಿಸುವುದೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು.

4. ಐ.ಪಿ. ಆವೃತ್ತಿ 4ರಲ್ಲಿ, ವಿಭಜನೆಯನ್ನು ನಿಷೇಧಿಸಿ 8972 ಬೈಟ್ ದತ್ತಾಂಶದ ಪಿಂಗ್ ಪರೀಕ್ಷೆಯನ್ನು ಎರಡೂ ತುದಿಗಳಿಂದ ನಡೆಸುವುದು. ಶೀರ್ಷಿಕೆಗಳ 28 ಬೈಟ್ ಸೇರಿ ಇದು 9000 ಬೈಟ್ ಆಗುತ್ತದೆ.

5. ಪ್ಯಾಕೆಟ್ ದೊಡ್ಡದಾಯಿತೆಂದು ತಿಳಿಸುವ ಐ.ಸಿ.ಎಂ.ಪಿ. ಸಂದೇಶಗಳನ್ನು ಫೈರ್‌ವಾಲ್‌ನಲ್ಲಿ ತಡೆಯಬಾರದು. ಐ.ಪಿ. ಆವೃತ್ತಿ 6ರಲ್ಲಿ ರೂಟರ್‌ಗಳು ಪ್ಯಾಕೆಟ್‌ಗಳನ್ನು ವಿಭಜಿಸುವುದಿಲ್ಲವಾದ ಕಾರಣ ಇದು ಅತ್ಯಗತ್ಯ.

ಮೇಲ್ಕಂಡ ಅಂಶಗಳಲ್ಲಿ ಯಾವುದಾದರೊಂದು ಖಚಿತವಾಗದಿದ್ದಲ್ಲಿ 1500 ಬೈಟ್ ಮಿತಿಯಲ್ಲಿಯೇ ಸಂಪರ್ಕ ಪಡೆಯುವುದು ಉಚಿತ.