ಕಾವಲು ಕಾಯ್ದ ಸಂಪಾದಕ

ಪ್ರಶ್ನೆ ಕೇಳುತ್ತಿದ್ದ ಪತ್ರಕರ್ತ ಉತ್ತರ ಹೇಳುವವರ ಸಾಲಿಗೆ ಹೋಗಿ ಕೂತರೆ ಅವನಲ್ಲಿ ಉಳಿಯುವುದೇನು? ಪಾಟೀಲ ಪುಟ್ಟಪ್ಪನವರ ಬದುಕನ್ನು ನೋಡುವಾಗಲೆಲ್ಲ ನನಗೆ ಈ ಪ್ರಶ್ನೆ ಎದುರಾಗುತ್ತದೆ.

ಅವರ ಊರು ಹಾವೇರಿ ಸೀಮೆಯ ಕುರಬಗೊಂಡ. ನಮ್ಮ ಹೊನ್ನಾಳಿ, ನ್ಯಾಮತಿಗಳಿಗೆ ಅದು ದೂರದ ಊರೇನಲ್ಲ. ಆದರೂ 1956ಕ್ಕೆ ಮೊದಲು ಅದು ಮುಂಬಯಿಗೆ ಸೇರಿತ್ತು; ನಾವು, ಚನ್ನಗಿರಿಯವರು, ಜಗಳೂರಿನವರು ಮೈಸೂರಿನವರು. ಜಗಳೂರಿಗೆ ಅಂಟಿಕೊಂಡ ಹರಪನಹಳ್ಳಿ 1953ರವರೆಗೆ ಮದರಾಸಿನದು. ಆಡುವ ಮಾತು ಒಂದೇ, ಅರ್ಜಿ ಹಿಡಿದು ಹೋಗಬೇಕಾದ ಸರ್ಕಾರಗಳು ಮೂರು. ಇಂಥ ಹರಿದು ಹಂಚಿಹೋದ ನಾಡಿಗೆ ಪತ್ರಿಕೆಯೆಂದರೆ ಸುದ್ದಿ ಮಾತ್ರವಾಗಿರಲಿಲ್ಲ, ಕೂಡಿಸುವ ದಾರವೂ ಆಗಿತ್ತು.

ಪುಟ್ಟಪ್ಪನವರು ಕಾನೂನು ಓದಿದವರು. ಆದರೆ ಹಿಡಿದದ್ದು ಪತ್ರಿಕೆಯ ದಾರಿ. 'ವಿಶಾಲ ಕರ್ನಾಟಕ', 'ನವಯುಗ'ಗಳಲ್ಲಿ ದುಡಿದರು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿತು ಬಂದರು. 1954ರಲ್ಲಿ ಹುಬ್ಬಳ್ಳಿಯಿಂದ 'ಪ್ರಪಂಚ' ವಾರಪತ್ರಿಕೆ ಹೊರಡಿಸಿದರು. ಏಕೀಕರಣದ ಹೋರಾಟ ಕಾವೇರಿದ್ದ ದಿನಗಳವು. ಓದುಗರಿಗೆ ಅವರು 'ಪಾಪು' ಆದರು.

1962ರಿಂದ 1974ರವರೆಗೆ ಎರಡು ಅವಧಿಗೆ ಅವರು ರಾಜ್ಯಸಭೆಯ ಸದಸ್ಯರು. ಅದೇ ಕಾಲದಲ್ಲಿ, 1967ರಲ್ಲಿ, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿ ಇತಿಹಾಸ ಮಾಡಿದರು. ಪಟೇಲರು ಮುಂದೆ ಮುಖ್ಯಮಂತ್ರಿಯಾದರು. 1997ರಲ್ಲಿ ದಾವಣಗೆರೆ ಜಿಲ್ಲೆಯಾದದ್ದು ಅವರ ಕಾಲದಲ್ಲೇ. ಪಾಪು ಮಂತ್ರಿಯೂ ಆಗಲಿಲ್ಲ.

ಅವರ ರಾಜಕಾರಣದ ತಿರುಳು ಕಾಣುವುದು ದೆಹಲಿಯಿಂದ ಮರಳಿದ ಮೇಲೆ. ಗೋಕಾಕ್ ಚಳವಳಿಯಲ್ಲಿ ಮುಂದೆ ನಿಂತರು. ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾದರು. ರಾಜ್ಯಭಾಷಾ ಕಾನೂನು 1963ರಲ್ಲೇ ಬಂದಿತ್ತು. ಬಂದ ಕಾನೂನು ಕಚೇರಿಯ ಮೇಜಿನವರೆಗೆ ಇಳಿದಿದೆಯೇ ಎಂದು ನೋಡುವುದು ಸಮಿತಿಯ ಕೆಲಸ. ಅದು ಸಂಪಾದಕನ ಕೆಲಸವೇ ಅಲ್ಲವೇ? ಹೇಳಿದ್ದೇನು, ಮಾಡಿದ್ದೇನು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಹಾಗಾಗಿ ಪಾಪು ವೃತ್ತಿ ಬದಲಿಸಿದರೆಂದು ನನಗನ್ನಿಸುವುದಿಲ್ಲ. ಪುಟದ ಮೇಲೆ ಮಾಡುತ್ತಿದ್ದುದನ್ನೇ ಕಚೇರಿಗಳ ಬಾಗಿಲಿಗೆ ಒಯ್ದರು.

ಇದು ಪಂಡಿತರ ಭಾಷಾಭಿಮಾನದ ಮಾತಲ್ಲ. ತನ್ನ ಹೊಲದ ಬಗ್ಗೆ ಸರ್ಕಾರ ಬರೆದ ಕಾಗದವನ್ನು ಜಗಳೂರಿನ ರೈತ ಯಾರ ಕೈಯಲ್ಲೂ ಓದಿಸದೆ ತಾನೇ ಓದಿಕೊಳ್ಳಬಲ್ಲನೇ ಎಂಬ ಮಾತು. ಓದಲಾಗದ ಆದೇಶವನ್ನು ಪ್ರಶ್ನಿಸುವುದೂ ಆಗದು.

2020ರ ಮಾರ್ಚ್‌ನಲ್ಲಿ ಪಾಪು ತೀರಿಕೊಂಡರು. ಆ ಕಾವಲಿನ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ.