ದಾಕಿನ ಗುರುತು ಮತ್ತು ಮನೆಯ ಹಿಂದಣ ಓಣಿ

ಕಳೆದ ವಾರ ಐದು ವರ್ಷದ ಮೊಮ್ಮಗನನ್ನು ಚುಚ್ಚುಮದ್ದಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂದಿತು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಈ ಮೂರಕ್ಕೂ ಸೇರಿ ಶಾಲೆಗೆ ಹೋಗುವ ವಯಸ್ಸಿನಲ್ಲಿ ಕೊಡುವ ಮರುವರಸೆ ಅದು. ಹೇಗೂ ಬಂದಿದ್ದೀರಲ್ಲ ಎಂದು ವೈದ್ಯರು ನನಗೂ ಫ್ಲೂ ಲಸಿಕೆ ಹಾಕಿಬಿಟ್ಟರು. ತಾತ ಮೊಮ್ಮಗ ಇಬ್ಬರೂ ಅಂಗಿಯ ತೋಳು ಮಡಿಸಿ ಪಕ್ಕ ಪಕ್ಕ ಕುಳಿತೆವು. ಅಳುವುದಕ್ಕೆ ಸಿದ್ಧನಾಗಿದ್ದ ಹುಡುಗ ನನ್ನ ತೋಳನ್ನು ಕಂಡವನೇ ಅಳುವುದನ್ನು ಮರೆತು, "ತಾತ, ನಿನಗೆ ಯಾರು ಇಷ್ಟು ದೊಡ್ಡದಾಗಿ ಚುಚ್ಚಿದ್ದು?" ಎಂದು ಕೇಳಿದ.

ಎಡತೋಳಿನ ಮೇಲೆ ನಾಲ್ಕಾಣೆ ಬಿಲ್ಲೆಯಷ್ಟು ಅಗಲದ ಎರಡು ಗುರುತುಗಳಿವೆ. ನನ್ನ ಓರಗೆಯವರಿಗೆಲ್ಲ ಇರುವಂಥವೇ. ಸಿಡುಬಿಗೆ ಮೈಲಿ ಹಾಕಿದ್ದರ ಗುರುತು ಅದು. ನಮ್ಮ ಮನೆಯಲ್ಲಿ ಅದನ್ನು 'ದಾಕು ಹಾಕಿಸುವುದು' ಎನ್ನುತ್ತಿದ್ದರು. ದಾಕಿನವನು ಬಂದನೆಂದರೆ ಬೀದಿಯ ಮಕ್ಕಳೆಲ್ಲ ಅಟ್ಟವನ್ನೋ ಹಿತ್ತಿಲನ್ನೋ ಹುಡುಕುತ್ತಿದ್ದರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣಗಳು ಕಂಡದ್ದು 1975ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿತು. ಆದ್ದರಿಂದ ಈ ಗುರುತು ಮೊಮ್ಮಗನಿಗೂ ಇಲ್ಲ, ಅವನ ತಂದೆಗೂ ಇಲ್ಲ. ನಾವು ಹೋದ ಮೇಲೆ ಇದನ್ನು ತೋಳಿನ ಮೇಲೆ ನೋಡಿದವರೇ ಇರುವುದಿಲ್ಲ.

ವೈದ್ಯರ ಮನೆಯಿಂದ ನಮ್ಮ ಮನೆಗೆ ಬಸವನಗುಡಿಯ ಒಳರಸ್ತೆಗಳಲ್ಲಿ ಹತ್ತು ನಿಮಿಷದ ನಡಿಗೆ. ಪ್ರತಿದಿನ ಓಡಾಡುವ ದಾರಿಯನ್ನು ಯಾರೂ ನೋಡುವುದಿಲ್ಲ. ಆ ದಿನ ಹುಡುಗ ಮೆಲ್ಲಗೆ ನಡೆಯುತ್ತಿದ್ದುದರಿಂದ ನಾನೂ ಮೆಲ್ಲಗೆ ನಡೆದೆ. ಮೆಲ್ಲಗೆ ನಡೆದದ್ದರಿಂದ ಕಣ್ಣಿಗೆ ಬಿತ್ತು. ಮಂಗಳೂರು ಹೆಂಚಿನ ಮಾಡು, ಕಿಟಕಿಯ ಮೇಲೆ ಮರದ ಪಟ್ಟಿಗಳ ಮುಂಡಾಸು ಕಟ್ಟಿದಂತಿರುವ ಮಂಕಿ ಟಾಪ್, ಸುತ್ತ ಒಂದು ಸಂಪಿಗೆಯೋ ತೆಂಗೋ ಇದ್ದಂಥ ಮನೆ ಒಂದೂ ಸಿಗಲಿಲ್ಲವೆಂದಲ್ಲ. ಆ ದಾರಿಯಲ್ಲಿ ಎರಡು ಸಿಕ್ಕವು. ಉಳಿದೆಡೆಗಳಲ್ಲಿ ಕೆಳಗೆ ಕಾರುಗಳಿಗಾಗಿ ಕಂಬಗಳು, ಮೇಲೆ ನಾಲ್ಕು ಅಂತಸ್ತು, ಮುಖಕ್ಕೆ ಹೊಳೆಯುವ ಅಲ್ಯೂಮಿನಿಯಂ ತಗಡು ಮತ್ತು ನೀಲಿ ಗಾಜು. ಒಂದು ಕಟ್ಟಡಕ್ಕಂತೂ ಗ್ರೀಕ್ ದೇವಾಲಯದ ಎರಡು ಕಂಬಗಳನ್ನು ಅಂಟಿಸಿ ಅವುಗಳ ನಡುವೆ ರೋಲಿಂಗ್ ಷಟರ್ ಇಟ್ಟಿದ್ದಾರೆ. ಪಕ್ಕದ ಕಟ್ಟಡಕ್ಕೂ ಇದಕ್ಕೂ ನಡುವೆ ಬೆಕ್ಕು ನುಸುಳಬಹುದು, ಕೊಡೆ ಬಿಚ್ಚಿದ ಮನುಷ್ಯ ನುಸುಳಲಾರ.

ವಿಕಾರ ಎಂಬ ಮಾತು ಬಾಯಿಗೆ ಬಂತು. ಆದರೆ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ಚಾಳಿಯಿಂದಾಗಿ, ತೋಳಿನಲ್ಲಿ ಆಗತಾನೆ ಚುಚ್ಚಿಸಿಕೊಂಡ ನೋವಿಗೂ ಈ ಬೀದಿಗೂ ಒಂದು ಹಳೆಯ ನಂಟಿರುವುದು ನೆನಪಾಯಿತು. ತರಗತಿಯಲ್ಲಿ ಅದನ್ನು ನಾನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಿದ್ದೆ. ಹಳೆಯ ವಿದ್ಯಾರ್ಥಿಗಳು ಕ್ಷಮಿಸಬೇಕು.

ದಾಕಿನ ಕಥೆಯೇ ಮೊದಲಿನದು. ಜೆನ್ನರ್ ಗೋಸಿಡುಬಿನ ಪ್ರಯೋಗ ಮಾಡಿದ್ದು 1796ರಲ್ಲಿ. ಅದು ನಮ್ಮ ದೇಶಕ್ಕೆ ಬಂದದ್ದು 1802ರ ಜೂನ್‌ನಲ್ಲಿ, ಬಾಗ್ದಾದ್ ಮತ್ತು ಬಸ್ರಾ ಮಾರ್ಗವಾಗಿ. ಶೀತಲಪೆಟ್ಟಿಗೆ ಇಲ್ಲದ ಕಾಲ. ಲಸಿಕೆಯನ್ನು ಸಾಗಿಸುವ ಭದ್ರವಾದ ಪಾತ್ರೆಯೆಂದರೆ ಮನುಷ್ಯನ ತೋಳು. ಒಬ್ಬರಿಗೆ ಹಾಕಿ, ಎಂಟನೆಯ ದಿನದ ಸುಮಾರಿಗೆ ಎದ್ದ ಬೊಕ್ಕೆಯ ರಸವನ್ನು ತೆಗೆದು ಇನ್ನೊಬ್ಬರಿಗೆ ಹಾಕಬೇಕು. ಈ ಸರಪಳಿ ಒಂದು ಕಡೆ ಕಡಿದರೆ ಮುಗಿಯಿತು. ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಅದು ಕಚ್ಚಿಕೊಂಡಿತು. ಅಲ್ಲಿಂದಲೇ ಒಳನಾಡಿಗೆ ಹರಡಿತು. ಅದಾದ ಮೂರು ವರ್ಷಕ್ಕೆ, ಸುಮಾರು 1805ರಲ್ಲಿ, ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ ಮೂವರು ಸ್ತ್ರೀಯರ ಚಿತ್ರವೊಂದನ್ನು ಬರೆದ. ಬಹುಕಾಲ ಅದನ್ನು ನರ್ತಕಿಯರ ಚಿತ್ರವೆಂದೇ ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರು ಮೈಸೂರಿನ ಅರಮನೆಯ ಸ್ತ್ರೀಯರೆಂದು ವಾದಿಸಿದ್ದಾರೆ. ಬಲಗಡೆಯವರು ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಜಮ್ಮಣ್ಣಿ, ಸೆರಗು ಸರಿಸಿ ಅವರು ತೋರಿಸುತ್ತಿರುವುದು ಲಸಿಕೆ ಹಾಕಿದ ಜಾಗವನ್ನು ಎಂಬುದು ಅವರ ವಾದ. ಪರಪುರುಷನ ಎದುರು ಅರಮನೆಯ ಹೆಣ್ಣುಮಗಳು ತೋಳು ತೋರಿಸಿ ನಿಂತಳೆಂದರೆ, ಅದನ್ನು ನೋಡಿ ಪ್ರಜೆಗಳು ಧೈರ್ಯ ತಂದುಕೊಳ್ಳಲಿ ಎಂದೇ ಇರಬೇಕು. ನನಗೆ ಈ ವಾದ ಒಪ್ಪಿಗೆಯಾಗುತ್ತದೆ.

ಇನ್ನು ನಮ್ಮ ಬೀದಿಯ ಕಥೆ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲುಮಾರ್ಗವನ್ನು ಹಿಡಿದು 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ತಲುಪಿತು. ಚಿಕ್ಕಪೇಟೆ, ಬಳೇಪೇಟೆಗಳ ಒತ್ತೊತ್ತಾದ ಮನೆಗಳಲ್ಲಿ ಮೊದಲು ಇಲಿ ಬೀಳುತ್ತಿತ್ತು, ಆಮೇಲೆ ಮನುಷ್ಯರು. "ಇಲಿ ಬಿತ್ತು" ಎಂಬ ಎರಡು ಮಾತಿಗೆ ಊರೇ ಖಾಲಿಯಾಗುತ್ತಿತ್ತೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಕಂಕುಳಲ್ಲಿ ಗೆಡ್ಡೆ ಎದ್ದವರನ್ನು ಬಿಟ್ಟು ಉಳಿದವರು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅಜ್ಜಿಯ ಅತ್ತೆಯವರು ಹಾಗೆ ಬಿಟ್ಟುಬಂದದ್ದು ತಮ್ಮ ಸ್ವಂತ ತಂಗಿಯನ್ನು. ಆ ತಂಗಿಯ ಹೆಸರನ್ನು ಅವರು ಬದುಕಿರುವ ತನಕ ಬಾಯಲ್ಲಿ ಆಡಲಿಲ್ಲವಂತೆ. ಆದ್ದರಿಂದ ನಮ್ಮ ಮನೆತನದಲ್ಲಿ ಆ ಹೆಸರು ಯಾರಿಗೂ ಗೊತ್ತಿಲ್ಲ.

ಪ್ಲೇಗಿಗೂ ಲಸಿಕೆ ಬಂದಿತ್ತು. ಒಡೆಸ್ಸಾದಿಂದ ಬಂದ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಅದನ್ನು ಸಿದ್ಧಪಡಿಸಿ 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡು ಜ್ವರದಿಂದ ಮಲಗಿದ. ಆದರೆ ಜನ ಸೂಜಿಗೆ ಹೆದರಿದ್ದಕ್ಕಿಂತ ಹೆಚ್ಚಾಗಿ ಸೂಜಿಯ ಹಿಂದೆ ಬರುವ ಸರ್ಕಾರಕ್ಕೆ ಹೆದರಿದರು. ಮನೆ ಹೊಕ್ಕು ಶೋಧಿಸುವುದು, ರೋಗಿಗಳನ್ನು ಎಳೆದೊಯ್ಯುವುದು, ಸಾಮಾನು ಸುಡುವುದು. ಇಂಥ ಕ್ರಮಗಳ ಸಿಟ್ಟಿನಲ್ಲೇ ಪುಣೆಯಲ್ಲಿ 1897ರ ಜೂನ್‌ನಲ್ಲಿ ಚಾಪೇಕರ್ ಸಹೋದರರು ರ‍್ಯಾಂಡ್ ಎಂಬ ಅಧಿಕಾರಿಗೆ ಗುಂಡಿಕ್ಕಿದರು. ನಮ್ಮವರು ಆ ಮಟ್ಟಕ್ಕೆ ಹೋಗದೆ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಎರಡರಲ್ಲಿ ಇದೇ ವಾಸಿ.

ಬಸವನಗುಡಿ ಮತ್ತು ಮಲ್ಲೇಶ್ವರಗಳ ಬಡಾವಣೆಯ ಯೋಚನೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಪ್ಲೇಗಿಗೂ ಮೊದಲೇ ಹುಟ್ಟಿದ್ದು. ಆದರೆ ಪೇಟೆಯ ಜನ ಗದ್ದೆಬಯಲಿನಲ್ಲಿ ಮನೆ ಕಟ್ಟಲು ಮನಸ್ಸು ಮಾಡಿದ್ದು ಸಾವಿನ ಭಯದಿಂದ. ನೇರವಾದ ಅಗಲ ರಸ್ತೆಗಳು, ಪ್ರತಿ ನಿವೇಶನದಲ್ಲೂ ಮನೆಯ ಸುತ್ತ ಬಿಡಬೇಕಾದ ಜಾಗ, ಸಾಲುಮನೆಗಳ ಬೆನ್ನಿಗೆ ಹಿಂದಣ ಓಣಿ. ಇವು ಯಾವುವೂ ಅಂದಚಂದಕ್ಕಾಗಿ ಮಾಡಿದವಲ್ಲ. ಬೆಳಕು ಬೀಳಲಿ, ಗಾಳಿ ಆಡಲಿ, ತೇವ ಒಣಗಲಿ ಎಂದು ಮಾಡಿದ್ದು. ಇದರಲ್ಲಿ ಒಂದು ತಮಾಷೆಯೂ ಇದೆ. ಪ್ಲೇಗು ಗಾಳಿ ಕೆಟ್ಟು ಬರುವ ರೋಗವಲ್ಲ. ರೋಗಾಣುವನ್ನು ಯೆರ್ಸಿನ್ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದ. ಅದು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆಂದು ಸೈಮಂಡ್ ಕರಾಚಿಯಲ್ಲಿ ಕಂಡುಕೊಂಡದ್ದು, ನಮ್ಮ ಊರಿನಲ್ಲಿ ಜನ ಸಾಯುತ್ತಿದ್ದ ಅದೇ 1898ರಲ್ಲಿ. ಅವನ ಮಾತನ್ನು ಲೋಕ ನಂಬಲು ವರ್ಷಗಳೇ ಹಿಡಿದವು. ಹೀಗೆ ನಮ್ಮ ಬಡಾವಣೆ ಅರ್ಧ ತಪ್ಪು ಕಾರಣಕ್ಕೆ ಕಟ್ಟಿದ ಸರಿಯಾದ ಊರು. ಮಣ್ಣುಗೋಡೆಯ ಒತ್ತು ತಪ್ಪಿತು, ಇಲಿಗಳಿಗೆ ನೆಲೆ ಕಡಿಮೆಯಾಯಿತು. ಕ್ಷಯಕ್ಕೆ ಆ ಬೆಳಕು ಗಾಳಿಗಳು ನಿಜವಾಗಿಯೇ ಒದಗಿ ಬಂದವು.

ಹಳೆಯದೆಲ್ಲ ಚಿನ್ನ ಎಂದು ಬರೆಯುತ್ತಿದ್ದೇನೆಂದು ತಿಳಿಯಬಾರದು. ಆ ಹಿಂದಣ ಓಣಿ ಯಾರಿಗಾಗಿ ಎಂಬುದನ್ನು ನಾನು ಬಲ್ಲೆ. ಒಳಚರಂಡಿ ಬರುವ ಮೊದಲು ಬೆಳಗಿನ ಜಾವ ಮನೆಮನೆಯ ಹಿಂದಿನಿಂದ ಮಲವನ್ನು ಎತ್ತಿ ಒಯ್ಯುವವರಿಗಾಗಿ ಬಿಟ್ಟ ದಾರಿ ಅದು. ಮುಂಬಾಗಿಲ ರಸ್ತೆಯಲ್ಲಿ ಅವರು ಕಾಣಿಸಬಾರದೆಂಬುದೂ ನಕ್ಷೆಯೊಳಗೇ ಇತ್ತು. ನಿವೇಶನ ಹಂಚುವಾಗಲೂ ಜಾತಿಯ ಲೆಕ್ಕ ನಡೆಯಿತು. ನಮ್ಮ ಸಂಪಿಗೆ ಮರದ ನೆರಳಿಗೆ ಆ ಲೆಕ್ಕವೂ ಸೇರಿದೆ.

ಆದರೂ ಮನೆಯ ಸುತ್ತಲಿನ ಆ ಮೂರು ಮಾರು ಖಾಲಿ ನೆಲ ಸುಮ್ಮನೆ ಬಂದದ್ದಲ್ಲ. ತೋಳಿನ ಮೇಲಿನ ಗುರುತು ಹೇಗೋ ಹಾಗೆ, ಸಾವು ಬಂದು ಹೋದದ್ದರ ಗುರುತು ಅದು.

ಇಷ್ಟು ಬರೆದು ನಿಲ್ಲಿಸಿದರೆ ನಾನು ಪ್ರಾಮಾಣಿಕನಾಗುವುದಿಲ್ಲ. ನೆಂಟರಿಗೆ ಗೊತ್ತಿರುವುದನ್ನು ವಿದ್ಯಾರ್ಥಿಗಳಿಗೂ ಹೇಳಿಬಿಡುತ್ತೇನೆ. ಅಜ್ಜ ಕಟ್ಟಿಸಿದ ಮನೆಯನ್ನು ಬಿಲ್ಡರ್ ಒಬ್ಬರಿಗೆ ಬರೆದುಕೊಟ್ಟ ಕಾಗದದಲ್ಲಿ ಮೊದಲ ರುಜು ನನ್ನದು. ನಾಲ್ವರು ಒಡಹುಟ್ಟಿದವರು, ಸೋರುವ ಮಾಡು, ತಂಗಿಯ ಮಗಳ ಮದುವೆ, ಕಾರಣಗಳಿಗೆ ಬರವಿರಲಿಲ್ಲ. ನಕ್ಷೆಯಲ್ಲಿ ಸುತ್ತ ಜಾಗ ಬಿಟ್ಟಂತೆಯೇ ಬರೆದಿತ್ತು. ಕಟ್ಟಡ ಎದ್ದ ಮೇಲೆ ಟೇಪು ಹಿಡಿದು ಅಳೆದೆ. ಹೇಳಿದ್ದರ ಅರ್ಧವೂ ಇರಲಿಲ್ಲ. ಕೇಳಿದ್ದಕ್ಕೆ, "ಎಲ್ಲರೂ ಹೀಗೇ ಕಟ್ಟುವುದು ಸಾರ್, ಆಮೇಲೆ ಸಕ್ರಮ ಆಗುತ್ತದೆ" ಎಂದರು. ನಾನು ಮುಂದೆ ಕೇಳಲಿಲ್ಲ. ಮೇಲೆ ವಿಕಾರವೆಂದು ಕರೆದ ಕಟ್ಟಡಗಳಲ್ಲಿ ಒಂದರ ಮೂರನೆಯ ಅಂತಸ್ತಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಗ್ರೀಕ್ ಕಂಬಗಳು ನಮ್ಮದಲ್ಲ, ಅಷ್ಟು ಸಮಾಧಾನ.

ಆ ರಾತ್ರಿ ಹುಡುಗನಿಗೆ ಮೈ ಕಾದಿತು. ಲಸಿಕೆ ಹಾಕಿದ ಮೇಲೆ ಒಂದೆರಡು ದಿನ ಹೀಗಾಗುವುದು ಸಹಜವೆಂದು ವೈದ್ಯರು ಮೊದಲೇ ಹೇಳಿದ್ದರು. ಔಷಧ ಕುಡಿಸಿ, ಒದ್ದೆ ಬಟ್ಟೆಯಿಂದ ಹಣೆ ಒರೆಸುತ್ತ ಕುಳಿತೆ. "ಸೆಕೆ ತಾತ, ಕಿಟಕಿ ತೆಗಿ" ಎಂದ. ತೆಗೆದೆ. ಎದುರಿಗೆ ಪಕ್ಕದ ಕಟ್ಟಡದ ಗೋಡೆ. ಕೈ ಚಾಚಿದರೆ ಸಿಗುತ್ತದೆ. ಅವರ ಏಸಿ ಯಂತ್ರ ನಮ್ಮ ಕಡೆಗೆ ಮುಖ ಮಾಡಿ ಬಿಸಿಗಾಳಿ ಬಿಡುತ್ತಿತ್ತು. ಕಿಟಕಿ ಮುಚ್ಚಿ, ಫ್ಯಾನನ್ನು ಜೋರು ಮಾಡಿ ಬಂದು ಕುಳಿತೆ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಜ್ವರ ಇಳಿದು ಅವನು ನಿದ್ದೆಹೋದ.