ಸೈನಿಕರಿಗಾಗಿ ಹುಟ್ಟಿದ ಐ.ಟಿ.ಐ.



ಈಚೆಗೆ ಕೊಟ್ಟೂರಿನ ತೇರಿನ ಬೀದಿಯಲ್ಲಿ ಹಳೆಯ ಶಿಷ್ಯನೊಬ್ಬ ಎದುರಾದ. "ಸಾರ್, ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾದಾಗ 'ಇನ್ನು ನಿನಗೆ ಐ.ಟಿ.ಐ.ಯೇ ಗತಿ' ಅಂದಿದ್ದಿರಿ. ಆ ಗತಿಯೇ ನನ್ನ ಕೈ ಹಿಡಿಯಿತು ನೋಡ್ರಿ" ಎಂದು ನಕ್ಕ. ವೆಲ್ಡಿಂಗ್ ಕಲಿತು, ಅದರ ದುಡಿಮೆಯಿಂದಲೇ ಮಕ್ಕಳಿಬ್ಬರನ್ನು ಓದಿಸಿದವನು ಆತ. ನನಗೆ ನಗು ಬರಲಿಲ್ಲ. ಇತಿಹಾಸ ಬೋಧಿಸುತ್ತಿದ್ದ ನನಗೆ ಆ ಸಂಸ್ಥೆಯ ಇತಿಹಾಸವೇ ತಿಳಿದಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದಾಗ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಜನರಿದ್ದರು. ಅವರಲ್ಲಿ ಬಹುಪಾಲು ಮಂದಿಯನ್ನು ಊರಿಗೆ ಕಳುಹಿಸಬೇಕಾಗಿತ್ತು. ಲಾರಿ ನಡೆಸಿದವನು, ಎಂಜಿನ್ ಬಿಚ್ಚಿ ಜೋಡಿಸಿದವನು ಮತ್ತೆ ಮಳೆಯನ್ನು ನಂಬಿದ ಹೊಲಕ್ಕೆ ಮರಳಿ ಮಾಡುವುದೇನು? ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯ ಬರವನ್ನು ಬಲ್ಲ ನಮಗೆ ಆ ಪ್ರಶ್ನೆಯ ಭಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. (ಆಗ ಇವೆಲ್ಲ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು, ಹಗರಿಬೊಮ್ಮನಹಳ್ಳಿ ಇನ್ನೂ ತಾಲ್ಲೂಕು ಆಗಿರಲಿಲ್ಲ.)

1945ರ ಜುಲೈನಲ್ಲಿ ಸರ್ಕಾರವು ಪುನರ್ವಸತಿ ಮತ್ತು ಉದ್ಯೋಗ ಮಹಾನಿರ್ದೇಶನಾಲಯವನ್ನು ಸ್ಥಾಪಿಸಿತು. ಸೇನೆಯಿಂದ ಬಿಡುಗಡೆಯಾದವರಿಗೆ ಹಾಗೂ ಯುದ್ಧದ ಕಾರ್ಖಾನೆಗಳಿಂದ ಹೊರಬಿದ್ದ ಕಾರ್ಮಿಕರಿಗೆ ಸರ್ಕಾರದ ವೆಚ್ಚದಲ್ಲಿ ಕಸಬು ಕಲಿಸುವುದು, ಕೆಲಸ ಹುಡುಕಿಕೊಡುವುದು ಅದರ ಹೊಣೆ. ನಮ್ಮ ಮಕ್ಕಳು ಹೆಸರು ನೋಂದಾಯಿಸಲು ಸಾಲು ನಿಲ್ಲುತ್ತಿದ್ದ ಉದ್ಯೋಗ ವಿನಿಮಯ ಕಚೇರಿಯ ಮೂಲವೂ ಅದೇ. ದೇಶ ವಿಭಜನೆಯಾದಾಗ ನಿರಾಶ್ರಿತರೂ ಅದರ ಆಶ್ರಯಕ್ಕೆ ಬಂದರು. 1948ರ ಆರಂಭದಲ್ಲಿ ಉದ್ಯೋಗ ಬಯಸುವ ಎಲ್ಲರಿಗೂ ಬಾಗಿಲು ತೆರೆಯಿತು. 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಜಾರಿಗೆ ಬಂದು ಸುಮಾರು 50 ಕೇಂದ್ರಗಳು ಆರಂಭವಾದವು. ಇಂದಿನ ಐ.ಟಿ.ಐ.ಗಳು ಈ ಮರದ ಕೊಂಬೆಗಳೇ.

ಮುಂದಿನ ದಾರಿಯನ್ನು ಸೂಚಿಸಿದ ಸಮಿತಿಯ ಮುಖ್ಯಸ್ಥರು ಮಂಗಳೂರಿನ ಬೆನಗಲ್ ಶಿವರಾಯರು. ಅವರ ಶಿಫಾರಸಿನಂತೆ ಉದ್ಯೋಗ ವಿನಿಮಯ ಕಚೇರಿಗಳ ದೈನಂದಿನ ಆಡಳಿತವು 1956ರ ನವೆಂಬರ್ 1ರಂದು ರಾಜ್ಯಗಳ ಕೈಗೆ ಬಂದಿತು. ನಮ್ಮ ವಿಶಾಲ ಮೈಸೂರು ರಾಜ್ಯ ಉದಯಿಸಿದ ದಿನವೇ ಅದು! ಎಷ್ಟೋ ವರ್ಷ ರಾಜ್ಯೋತ್ಸವದ ಭಾಷಣ ಮಾಡಿದ ನಾನು ಇದನ್ನೊಮ್ಮೆಯೂ ಹೇಳಲಿಲ್ಲ.

ಯುದ್ಧದಿಂದ ಮರಳಿದ ಯೋಧನ ಮರ್ಯಾದೆಯ ಬದುಕಿಗಾಗಿ ಹುಟ್ಟಿದ ವ್ಯವಸ್ಥೆಯನ್ನು ನಾನು ದಡ್ಡರ ದೊಡ್ಡಿಯೆಂದು ಬಗೆದಿದ್ದೆ. ಬೀದಿಯಲ್ಲಿಯೇ ಆತನ ಕ್ಷಮೆ ಕೇಳಿದೆ. "ಅಯ್ಯೋ ಬಿಡ್ರಿ ಸಾರ್" ಎಂದು ಕೈಹಿಡಿದು ಚಹದಂಗಡಿಗೆ ಕರೆದೊಯ್ದ. ದುಡ್ಡನ್ನೂ ಆತನೇ ಕೊಟ್ಟ.